ನೆತ್ತಿಗೆ ಹತ್ತಿದ್ದಲ್ಲ ಸ್ವಾಮಿ, ಉಸಿರಿಗೆ ಅಡ್ಡ ಬಂದಿದ್ದು!

ನಮ್ಮ ಭಾಷೆಯ ಮೇಲೆ ನನಗೆ ತುಂಬಾ ಪ್ರೀತಿ. ಆದರೆ ಅದರೊಳಗಿನ ಒಂದು ಮಾತಿನ ಮೇಲೆ ಮಾತ್ರ ಬಹಳ ದಿನದಿಂದ ಸಿಟ್ಟಿದೆ. ಊಟ ಮಾಡೋವಾಗ ಯಾರಿಗಾದರೂ ಕೆಮ್ಮು ಬಂದರೆ ನಾವು ಏನಂತೀವಿ? "ನೆತ್ತಿಗೆ ಹತ್ತಿತು" ಅಂತೀವಿ. ಅಂದಮೇಲೆ ಚಿಕಿತ್ಸೆಯೂ ನೆತ್ತಿಗೇ! ತಲೆ ಮೇಲೆ ಪಟಪಟ ಅಂತ ತಟ್ಟೋದು, ಬಾಯಿಗೆ ನೀರು ಹಿಡಿಯೋದು, "ಯಾರೋ ನೆನೆಸ್ಕೊಂಡವ್ರೆ ಬುಡು" ಅಂತ ನಗೋದು. ಹಾಸನದಲ್ಲಿ ನೋಡಿ, ಹೊಳೆನರಸೀಪುರದಲ್ಲಿ ನೋಡಿ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲಿ ಬೇಕಾದರೂ ನೋಡಿ, ಮದುವೆ ಮನೆ ಪಂಕ್ತಿಯಲ್ಲಿ ಒಬ್ಬರಿಗೆ ಕೆಮ್ಮು ಬಂತೋ, ಅಕ್ಕಪಕ್ಕದ ನಾಲ್ಕು ಕೈ ತಲೆ ಮೇಲೆ ಬಂದು ಬೀಳುತ್ತೆ. ಪ್ರೀತಿಯಿಂದಲೇ ಬೀಳುತ್ತೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಆ ಪ್ರೀತಿ ತಪ್ಪು ವಿಳಾಸಕ್ಕೆ ಹೋಗ್ತಿದೆ ಅನ್ನೋದು ನನ್ನ ಜಗಳ.

ಅನ್ನ ನೆತ್ತಿಗೆ ಹೋಗಲ್ಲ ಸ್ವಾಮಿ. ಅಲ್ಲಿಗೆ ದಾರಿಯೇ ಇಲ್ಲ. ಗಂಟಲಲ್ಲಿ ಇರೋದು ಎರಡು ಕೊಳವೆ. ಹಿಂದಿನದು ಅನ್ನನಾಳ, ಮುಂದಿನದು ಶ್ವಾಸನಾಳ. ನುಂಗುವಾಗ ಶ್ವಾಸನಾಳದ ಬಾಯಿ ಮೇಲಕ್ಕೆ ಸರಿದು, ಒಂದು ಪುಟ್ಟ ಮುಚ್ಚಳ ಬಾಗಿ, ದಾರಿ ಮುಚ್ಚಿಕೊಳ್ಳುತ್ತೆ. ದಿನಕ್ಕೆ ನೂರಾರು ಸಲ ನಡೆಯುವ ಈ ಕೆಲಸ ನಮಗೆ ಗೊತ್ತೇ ಆಗಲ್ಲ. ಬಾಯಲ್ಲಿ ತುತ್ತು ಇಟ್ಟುಕೊಂಡು ನಕ್ಕಾಗ, ಅತ್ತಾಗ, ಓಡಿದಾಗ, ಮಾತಾಡುವಾಗ ಥಟ್ಟನೆ ಉಸಿರು ಒಳಗೆಳೆದಾಗ ಈ ಬಾಗಿಲು ತೆರೆದೇ ಇರುತ್ತೆ. ತುತ್ತು ತಪ್ಪು ಕೊಳವೆಗೆ ಇಳಿಯುತ್ತೆ. ಕೆಮ್ಮು ಅಂದರೆ ದೇಹ ಅದನ್ನು ಹೊರಗೆ ತಳ್ಳೋಕೆ ಮಾಡೋ ಹೋರಾಟ. ಆ ಹೊತ್ತಲ್ಲಿ ನೆತ್ತಿ ಮೇಲೆ ತಟ್ಟಿದರೆ ಉಪಯೋಗ ಸೊನ್ನೆ. ಬಾಯಿಗೆ ನೀರು ಹುಯ್ದರೆ ಇನ್ನೂ ಅಪಾಯ.

"ಇಷ್ಟಕ್ಕೆಲ್ಲ ಒಂದು ಬರಹ ಬೇಕಾ ಮಾರಾಯ್ರೆ?" ಅಂತ ಕೇಳ್ತೀರೇನೋ. ಬೇಕು, ಯಾಕೆ ಅಂತ ಹೇಳ್ತೀನಿ.

2022ರ ಜುಲೈನಲ್ಲಿ ನಮ್ಮದೇ ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನಲ್ಲಿ ಆರು ವರ್ಷದ ಮಗು ಶಾಲೆಗೆ ಹೊರಟಿತ್ತು. ಶಾಲೆ ವಾಹನ ಬಂತು ಅನ್ನೋ ಅವಸರಕ್ಕೆ ಕೈಲಿದ್ದ ಚಾಕಲೇಟನ್ನು ಕಾಗದ ಸಮೇತ ಬಾಯಿಗೆ ಹಾಕಿಕೊಂಡಿತು. ವಾಹನದ ಬಾಗಿಲ ಹತ್ತಿರವೇ ಕುಸಿದು ಬಿತ್ತು. ಉಳಿಯಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ವಾರಂಗಲ್ಲಿನಲ್ಲಿ ಎಂಟು ವರ್ಷದ ಹುಡುಗ, ಅಪ್ಪ ಆಸ್ಟ್ರೇಲಿಯಾದಿಂದ ತಂದ ಚಾಕಲೇಟು ಗಂಟಲಿಗೆ ಸಿಕ್ಕಿ ಸತ್ತ. 2017ರ ನವೆಂಬರಿನಲ್ಲಿ ಆಂಧ್ರದ ಏಲೂರಿನಲ್ಲಿ ನಾಲ್ಕು ವರ್ಷದ ಮಗು, ಚಿಪ್ಸ್ ಪ್ಯಾಕೆಟ್ಟಿನೊಳಗೆ "ಫ್ರೀ" ಬಂದಿದ್ದ ಪ್ಲಾಸ್ಟಿಕ್ ಆಟಿಕೆ ಬಾಯಿಗೆ ಹೋಗಿ ಸತ್ತಿತು. ಪೇಪರಿನಲ್ಲಿ ಬಂತು, ಟೀವಿಯಲ್ಲಿ ಎರಡು ದಿನ ಬಂತು, ನಾವು "ಅಯ್ಯೋ ಪಾಪ" ಅಂದೆವು. ಮುಗೀತು. ಅಷ್ಟರ ನಂತರ ಯಾವ ಊರಿನ ಯಾವ ಶಾಲೆಯಲ್ಲಿ ಮೇಷ್ಟ್ರುಗಳಿಗೆ, ಬಸ್ಸಿನ ಡ್ರೈವರಿಗೆ, ಆಯಾಗೆ "ಮಗುವಿನ ಗಂಟಲಿಗೆ ಏನಾದರೂ ಸಿಕ್ಕರೆ ಹೀಗೆ ಮಾಡಿ" ಅಂತ ಹೇಳಿಕೊಟ್ಟರು? ನಿಮ್ಮ ಮಕ್ಕಳ ಶಾಲೆಯಲ್ಲಿ ಕೇಳಿ ನೋಡಿ. ಯೂನಿಫಾರಂ ಎಲ್ಲಿ ಹೊಲಿಸಬೇಕು ಅಂತ ಹೇಳೋರು ಇದಕ್ಕೆ ಏನು ಹೇಳ್ತಾರೆ ನೋಡೋಣ.

ಲೆಕ್ಕ ಸರಳವಾಗಿದೆ. ಉಸಿರು ಪೂರ್ತಿ ನಿಂತರೆ ನಾಲ್ಕರಿಂದ ಆರು ನಿಮಿಷದಲ್ಲಿ ಮೆದುಳಿಗೆ ಪೆಟ್ಟು ಬೀಳೋಕೆ ಶುರು. ಹೊಳೆನರಸೀಪುರದಿಂದ ಹಾಸನಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರು. ಚನ್ನರಾಯಪಟ್ಟಣದಿಂದಲೂ ಹೆಚ್ಚುಕಮ್ಮಿ ಅಷ್ಟೇ, ಅರಕಲಗೂಡಿನಿಂದಲೂ ಅಷ್ಟೇ. 2008ರಿಂದ ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಇದೆ, ಎಷ್ಟೋ ಜೀವ ಉಳಿಸಿದೆ, ಕೈ ಮುಗಿಯೋಣ. ಆದರೆ ಯಾವ ಆಂಬುಲೆನ್ಸೂ ಹಳ್ಳಿಮೈಸೂರಿನ ಒಳಗಿನ ಹಳ್ಳಿಗೆ ನಾಲ್ಕು ನಿಮಿಷದಲ್ಲಿ ಬರೋಕೆ ಸಾಧ್ಯವಿಲ್ಲ. ಅಮೆರಿಕದ ಹಳ್ಳಿಗೂ ಬರಲ್ಲ ಬಿಡಿ. ಹಾಗಾದರೆ ಆ ನಾಲ್ಕು ನಿಮಿಷಕ್ಕೆ ಡಾಕ್ಟರು ಯಾರು? ಪಕ್ಕದ ಎಲೆಯಲ್ಲಿ ಊಟಕ್ಕೆ ಕೂತಿರೋನು. ಅಡುಗೆ ಮನೆಯಲ್ಲಿರೋ ಅಜ್ಜಿ. ಬಸ್ಸಿನ ಕಂಡಕ್ಟರು. ಅವರಿಗೆ ಗೊತ್ತಿದ್ದರೆ ಜೀವ ಇದೆ, ಇಲ್ಲದಿದ್ದರೆ ಇಲ್ಲ.

ಅವರಿಗೆ ಗೊತ್ತಿರಬೇಕಾದ್ದು ಏನು ಮಹಾ? ಐದು ನಿಮಿಷದ ಪಾಠ. ಇಲ್ಲೇ ಬರೆದುಬಿಡ್ತೀನಿ.

ಒಂದು: ಮನುಷ್ಯ ಜೋರಾಗಿ ಕೆಮ್ಮುತ್ತಾ ಇದ್ದಾನೆ, ಮಾತಾಡೋಕೆ ಆಗ್ತಿದೆ ಅಂದರೆ ಕೆಮ್ಮೋಕೆ ಬಿಡಿ. ಕೆಮ್ಮಿಗಿಂತ ಒಳ್ಳೆಯ ಔಷಧ ಇಲ್ಲ. ತಟ್ಟಬೇಡಿ, ನೀರು ಕೊಡಬೇಡಿ, ಬಾಳೆಹಣ್ಣು ನುಂಗಿಸಬೇಡಿ, ಅನ್ನದ ಉಂಡೆ ನುಂಗಿಸಬೇಡಿ. ಪಕ್ಕದಲ್ಲೇ ಇರಿ.

ಎರಡು: ಸದ್ದು ನಿಂತುಹೋಯ್ತು, ಮಾತಿಲ್ಲ, ಕೆಮ್ಮಿಲ್ಲ, ಕೈ ಗಂಟಲಿಗೆ ಹೋಗಿದೆ, ಮುಖ ಕಪ್ಪಾಗ್ತಿದೆ. ಈಗ ಹೆದರಬೇಕು. ನಿಜವಾಗಿ ಉಸಿರು ಕಟ್ಟಿದವನು ಗಲಾಟೆ ಮಾಡಲ್ಲ, ಅವನಿಗೆ ಮಾಡೋಕೆ ಆಗಲ್ಲ. ಅವನನ್ನು ಮುಂದಕ್ಕೆ ಬಗ್ಗಿಸಿ, ಎರಡು ಹೆಗಲ ಮೂಳೆಗಳ ನಡುವೆ ಅಂಗೈನ ಬುಡದಿಂದ ಐದು ಸಲ ಬಲವಾಗಿ ಗುದ್ದಿ. ಬರಲಿಲ್ಲವೇ? ಹಿಂದೆ ನಿಂತು ಎರಡೂ ಕೈಯಿಂದ ತಬ್ಬಿ, ಮುಷ್ಟಿ ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಇಟ್ಟು, ಒಳಗೂ ಮೇಲಕ್ಕೂ ಐದು ಸಲ ಜೋರಾಗಿ ಎಳೆಯಿರಿ. ಮತ್ತೆ ಐದು ಗುದ್ದು, ಮತ್ತೆ ಐದು ಎಳೆತ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಬಸುರಿಯರಿಗೆ, ತೀರಾ ದಪ್ಪ ಇರೋರಿಗೆ ಹೊಟ್ಟೆ ಬದಲು ಎದೆಯ ಮೂಳೆಯ ಮೇಲೆ.

ಮೂರು: ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಲೇಬಾರದು. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿನಲ್ಲಿರಲಿ, ಬೆನ್ನಿಗೆ ಐದು ಪೆಟ್ಟು. ಆಮೇಲೆ ತಿರುಗಿಸಿ ಎದೆಯ ನಡುವೆ ಐದು ಒತ್ತು. ಕಾಲು ಹಿಡಿದು ತಲೆಕೆಳಗಾಗಿ ಜೋತಾಡಿಸೋ ಸರ್ಕಸ್ಸು ಬೇಡ.

ನಾಲ್ಕು: ಬಾಯೊಳಗೆ ವಸ್ತು ಕಣ್ಣಿಗೆ ಕಂಡರೆ ಮಾತ್ರ ಬೆರಳು ಹಾಕಿ. ಕಾಣದೆ ಬೆರಳು ತಿರುವಿದರೆ ಇನ್ನೂ ಒಳಕ್ಕೆ ತಳ್ಳಿದ ಹಾಗೆ. ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಮಲಗಿಸಿ ಎದೆ ಒತ್ತಲು ಶುರು ಮಾಡಿ.

ಇಷ್ಟೇ. ಇದನ್ನು ಕಲಿಯೋಕೆ ಎಂಬಿಬಿಎಸ್ ಬೇಕಾ?

ಈ ಹೊಟ್ಟೆ ಒತ್ತುವ ಉಪಾಯ ಹೇಳಿದ ಹೆನ್ರಿ ಹೈಮ್ಲಿಕ್ ಅನ್ನೋ ಅಮೆರಿಕನ್ ಸರ್ಜನ್ ಅದನ್ನು ಪ್ರಕಟಿಸಿದ್ದು 1974ರಲ್ಲಿ. ಅಲ್ಲಿಯವರೆಗೆ ಅಲ್ಲಿನ ಹೋಟೆಲುಗಳಲ್ಲಿ ಊಟ ಮಾಡುತ್ತಲೇ ಸತ್ತವರನ್ನು ಎಷ್ಟೋ ಸಲ ಹಾರ್ಟ್ ಅಟ್ಯಾಕ್ ಅಂತ ಬರೆದುಬಿಡ್ತಿದ್ದರು! ಅದಕ್ಕೆ "ಕೆಫೆ ಕೊರೊನರಿ" ಅಂತ ಹೆಸರೇ ಇತ್ತು. ಹೈಮ್ಲಿಕ್ಕಿಗೂ ಹಟ ಇತ್ತು, ಬೆನ್ನಿಗೆ ಗುದ್ದೋದು ಸಾವಿನ ಗುದ್ದು ಅಂತ ಕೊನೆಯವರೆಗೂ ಬೈದುಕೊಂಡೇ ಇದ್ದ. ಆದರೆ ವಿಜ್ಞಾನ ಯಾರ ಹಟವನ್ನೂ ಕೇಳಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ 2025ರ ಮಾರ್ಗಸೂಚಿ ದೊಡ್ಡವರಿಗೂ ಮೊದಲು ಐದು ಬೆನ್ನಿನ ಪೆಟ್ಟು, ಆಮೇಲೆ ಐದು ಹೊಟ್ಟೆಯ ಒತ್ತು ಅಂತಲೇ ಹೇಳುತ್ತೆ. ಈ ಹೈಮ್ಲಿಕ್ ತಾತ 2016ರಲ್ಲಿ, ತನ್ನ 96ನೇ ವಯಸ್ಸಿನಲ್ಲಿ, ತಾನಿದ್ದ ಹಿರಿಯರ ವಸತಿಯಲ್ಲಿ ಪಕ್ಕದಲ್ಲಿ ಊಟಕ್ಕೆ ಕೂತಿದ್ದ 87ರ ಅಜ್ಜಿಯ ಗಂಟಲಿಂದ ಹ್ಯಾಂಬರ್ಗರ್ ತುಂಡನ್ನು ಇದೇ ಪಟ್ಟಿನಿಂದ ಹೊರಗೆ ಹಾರಿಸಿದ. 96ರ ತಾತನಿಗೆ ಆಗೋದು ನಮ್ಮ ಹೋಟೆಲಿನ ಇಪ್ಪತ್ತರ ಸಪ್ಲೈಯರ್ ಹುಡುಗನಿಗೆ ಆಗಲ್ವಾ?

ನ್ಯೂಯಾರ್ಕಿನ ಹೋಟೆಲುಗಳಲ್ಲಿ ಉಸಿರುಕಟ್ಟಿದರೆ ಏನು ಮಾಡಬೇಕು ಅನ್ನೋ ಚಿತ್ರಪಟ ಗೋಡೆಗೆ ಹಾಕಲೇಬೇಕು ಅಂತ ಕಾನೂನು. ನಮ್ಮ ಹೋಟೆಲುಗಳ ಗೋಡೆ ಖಾಲಿ ಇದೆಯಾ? ಇಲ್ಲಪ್ಪ, ತುಂಬಿದೆ. "ತಟ್ಟೆಯಲ್ಲಿ ಕೈ ತೊಳೆಯಬಾರದು", "ಸಾಲ ಕೇಳಬೇಡಿ", "ರಾಜಕೀಯ ಮಾತಾಡಬಾರದು". ರಾಜಕೀಯ ಮಾತಾಡಿ ಹೊಳೆನರಸೀಪುರದ ಹೋಟೆಲಿನಲ್ಲಿ ಯಾರೂ ಉಸಿರುಕಟ್ಟಿ ಸಾಯಲ್ಲ ಸ್ವಾಮಿ :) ಆ ಬೋರ್ಡಿನ ಪಕ್ಕ ಇನ್ನೊಂದು ಬೋರ್ಡಿಗೆ ಜಾಗ ಮಾಡಿ.

*

ಈಗ ಹಬ್ಬದ ವಿಷಯಕ್ಕೆ ಬರ್ತೀನಿ. ಇಲ್ಲಿ ನನಗೆ ಬೈಗುಳ ಬೀಳುತ್ತೆ ಅಂತ ಗೊತ್ತು.

ಸಂಕ್ರಾಂತಿಯ ಎಳ್ಳು-ಬೆಲ್ಲ. ಅದರಲ್ಲಿ ಏನೇನಿದೆ? ಹುರಿದ ಕಡಲೆಕಾಯಿ ಬೀಜ, ಹುರಿಗಡಲೆ, ಸಣ್ಣಗೆ ಹೆಚ್ಚಿದ ಕೊಬ್ಬರಿ, ಬೆಲ್ಲದ ಚೂರು, ಎಳ್ಳು. ಮಕ್ಕಳ ಶ್ವಾಸನಾಳದಿಂದ ನಮ್ಮ ದೇಶದ ಡಾಕ್ಟರುಗಳು ತೆಗೆಯೋ ವಸ್ತುಗಳಲ್ಲಿ ಮೊದಲ ಸ್ಥಾನ ಯಾವುದಕ್ಕೆ ಗೊತ್ತೇ? ಕಡಲೆಕಾಯಿ ಬೀಜಕ್ಕೆ. ಅದರ ಹಿಂದೆಯೇ ಕೊಬ್ಬರಿ ಚೂರು, ಕಡಲೆ, ಹುಣಸೆಬೀಜ, ಸೀತಾಫಲದ ಬೀಜ, ಅಡಿಕೆ ಚೂರು. ಅಂದರೆ ಆ ಪಟ್ಟಿಯಲ್ಲಿ ಅರ್ಧವನ್ನು ಒಂದೇ ಬಟ್ಟಲಿಗೆ ಹಾಕಿ, ಎರಡು ವರ್ಷದ ಕಂದನ ಕೈಗೆ ಕೊಟ್ಟು, "ತಿಂದು ಒಳ್ಳೆ ಮಾತಾಡು" ಅಂತೀವಿ. ನಮ್ಮ ಕಡೆ ಸಂಕ್ರಾಂತಿಗೆ ಪುಟ್ಟ ಮಕ್ಕಳನ್ನು ಮಣೆ ಮೇಲೆ ಕೂರಿಸಿ ತಲೆ ಮೇಲೆ ಎಲಚಿ ಹಣ್ಣು, ಕಬ್ಬಿನ ಚೂರು, ಕಾಸು ಸುರಿಯೋ ಪದ್ಧತಿಯೂ ಇದೆ. ಸುತ್ತ ಇರೋ ಮಕ್ಕಳೆಲ್ಲ ಬಾಚಿಕೊಂಡು ಬಾಯಿಗೆ ಹಾಕಿಕೊಂಡು ಓಡೋದು! ಬೀಜ ಇರೋ ಹಣ್ಣು, ನಗು, ಓಟ. ಮೂರೂ ಸೇರಿದರೆ ಏನಾಗುತ್ತೆ ಅಂತ ಮೇಲೆ ಹೇಳಿದ್ದೀನಿ.

ಹಬ್ಬ ಬಿಡಿ ಅಂತ ನಾನು ಹೇಳ್ತಿಲ್ಲ. ಹಲ್ಲಿನ ಲೆಕ್ಕ ಹಾಕಿ ಅಂತ ಹೇಳ್ತಿದ್ದೀನಿ. ಮಗುವಿಗೆ ಮೊದಲು ಬರೋದು ಮುಂದಿನ ಹಲ್ಲು. ದವಡೆ ಹಲ್ಲು ಶುರುವಾಗೋದು ಒಂದು ವರ್ಷ ದಾಟಿದ ಮೇಲೆ, ಎರಡನೆಯ ಜೋಡಿ ದವಡೆ ಹಲ್ಲು ಬರೋ ಹೊತ್ತಿಗೆ ಎರಡೂವರೆ ವರ್ಷವೇ ಆಗಬಹುದು. ಅಂದರೆ ಕಡಲೆಬೀಜವನ್ನು ಎರಡು ತುಂಡಾಗಿ ಕಚ್ಚೋಕೆ ಹಲ್ಲಿದೆ, ಅರೆಯೋಕೆ ಹಲ್ಲಿಲ್ಲ. ಅರ್ಧ ಕಡಲೆಬೀಜ ಮಗುವಿನ ಕಿರಿದಾದ ಶ್ವಾಸನಾಳಕ್ಕೆ ಅಳತೆ ಮಾಡಿ ಮಾಡಿದ ಬಿರಡೆ. ಅದಕ್ಕೇ ಅಮೆರಿಕದ ಮಕ್ಕಳ ವೈದ್ಯರು ನಾಲ್ಕು ವರ್ಷದವರೆಗೆ, ಬ್ರಿಟನ್ನಿನ ಆರೋಗ್ಯ ಸೇವೆಯವರು ಐದು ವರ್ಷದವರೆಗೆ ಇಡೀ ಬೀಜ ಕೊಡಬೇಡಿ ಅಂತಾರೆ. ಕಡಲೆಬೀಜ ಬೇಡ ಅಂತಲ್ಲ. ಕುಟ್ಟಿ ಪುಡಿ ಮಾಡಿ ಕೊಡಿ. ಕೊಬ್ಬರಿ ತುರಿದು ಕೊಡಿ. ಚನ್ನರಾಯಪಟ್ಟಣದ ತೆಂಗು ಬೆಳೆಗಾರರ ಮನೆಯಲ್ಲಿ ತುರಿಮಣೆಗೆ ಬರವೇ? ಕೂರಿಸಿ ತಿನ್ನಿಸಿ, ಓಡಾಡಿಸಿಕೊಂಡು ತಿನ್ನಿಸಬೇಡಿ. ಅಳೋ ಮಗುವಿನ ಬಾಯಿಗೆ ತುತ್ತು ತುರುಕಬೇಡಿ.

"ನಾವು ತಿಂದು ಬೆಳೆದಿಲ್ವಾ? ನಮಗೇನಾಯ್ತು?" ಅನ್ನೋ ವಾದ ಬಂದೇ ಬರುತ್ತೆ. ಹೌದು, ನಿಮಗೇನೂ ಆಗಲಿಲ್ಲ, ಅದಕ್ಕೇ ವಾದ ಮಾಡೋಕೆ ನೀವಿದ್ದೀರಿ. ಆದವರು ವಾದಕ್ಕೆ ಬರಲ್ಲ. ನಮ್ಮ ಊರುಗಳಲ್ಲಿ "ಚೆನ್ನಾಗಿ ಆಡ್ಕೊಂಡಿದ್ದ ಮಗು ಇದ್ದಕ್ಕಿದ್ದಂಗೆ ಹೋಯ್ತು, ಗಾಳಿ ಸೋಕಿತ್ತು, ದೃಷ್ಟಿ ತಾಗಿತ್ತು" ಅಂತ ಹಳಬರು ಹೇಳೋ ಕಥೆಗಳಿವೆಯಲ್ಲ, ಅದರಲ್ಲಿ ಎಲ್ಲವೂ ಗಾಳಿಯೇ ಅಂತ ನಂಬೋಕೆ ನಾನು ತಯಾರಿಲ್ಲ.

*

ಇನ್ನು ಸಾಯದೇ ಉಳಿದವರ ಪಾಡು. ಇದು ಇನ್ನೂ ಮೋಸದ್ದು. ವಸ್ತು ಚಿಕ್ಕದಿದ್ದರೆ ಗಂಟಲಲ್ಲಿ ನಿಲ್ಲದೆ ಕೆಳಗಿಳಿಯುತ್ತೆ. ಬಲಗಡೆಯ ಕವಲು ಎಡಗಡೆಯದಕ್ಕಿಂತ ಅಗಲ, ಗಿಡ್ಡ, ನೇರ. ಅದಕ್ಕೆ ಹೆಚ್ಚಾಗಿ ಬಲಕ್ಕೇ. ಮೊದಲು ಜೋರು ಕೆಮ್ಮು, ಆಮೇಲೆ ತಣ್ಣಗೆ. ಮಗು ಆಡ್ಕೊಂಡಿರುತ್ತೆ. ಅಮ್ಮ "ಸದ್ಯ, ಹೋಯ್ತು" ಅಂದ್ಕೋತಾಳೆ. ಹೋಗಿಲ್ಲ, ಒಳಗೆ ಕೂತಿದೆ. ಕಡಲೆಬೀಜ ನೀರು ಹೀರಿ ಉಬ್ಬುತ್ತೆ, ಅದರ ಎಣ್ಣೆಗೆ ಶ್ವಾಸನಾಳದ ಒಳಪದರ ಊದಿಕೊಳ್ಳುತ್ತೆ. ವಾರದ ಮೇಲೆ ಜ್ವರ, ಗೊರಗೊರ, ಕಫ. ಒಂದು ಕ್ಲಿನಿಕ್ಕಲ್ಲಿ ಸಿರಪ್ಪು, ಇನ್ನೊಂದರಲ್ಲಿ ಇಂಜೆಕ್ಷನ್ನು, ಮತ್ತೊಂದರಲ್ಲಿ ನೆಬ್ಯುಲೈಸರು. ನ್ಯುಮೋನಿಯಾ ಅಂತಾರೆ, ಆಸ್ತಮಾ ಅಂತಾರೆ. ತಿಂಗಳುಗಟ್ಟಲೆ ಹೀಗೆ ಅಲೆದ ಮಕ್ಕಳ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ರಾಶಿ ರಾಶಿ ವರದಿಗಳಿವೆ. ಜಾತ್ರೆಯ ಪೀಪಿಯ ತುಂಡು ಒಳಗೆ ಹೋಗಿ, ಉಸಿರಾಡಿದಾಗಲೆಲ್ಲ ಎದೆಯಿಂದ ಸೀಟಿ ಕೇಳಿಸಿದ ಮಕ್ಕಳೂ ಇದ್ದಾರೆ.

ಡಾಕ್ಟರುಗಳ ಮೇಲೂ ನನ್ನದೊಂದು ತಕರಾರಿದೆ. "ಮಗು ಏನಾದರೂ ತಿನ್ನುವಾಗ, ಆಡುವಾಗ ಇದ್ದಕ್ಕಿದ್ದಂತೆ ಉಸಿರುಕಟ್ಟಿ ಕೆಮ್ಮಿತ್ತಾ?" ಈ ಒಂದು ಪ್ರಶ್ನೆ ಕೇಳೋಕೆ ಹತ್ತು ಸೆಕೆಂಡು ಸಾಕು. ಟೋಕನ್ ಗದ್ದಲದಲ್ಲಿ ಆ ಹತ್ತು ಸೆಕೆಂಡೇ ಸಿಗಲ್ಲ. ಅವರು ಕೇಳದಿದ್ದರೆ ನೀವೇ ಹೇಳಿ. ಎಕ್ಸ್-ರೇ ಸರಿಯಿದೆ ಅಂದಾಕ್ಷಣ ಮುಗಿಯಲ್ಲ, ಕಡಲೆಬೀಜ, ಪ್ಲಾಸ್ಟಿಕ್ಕು ಎಕ್ಸ್-ರೇಯಲ್ಲಿ ಕಾಣಲ್ಲ. ಅನುಮಾನ ಗಟ್ಟಿಯಿದ್ದರೆ ಬ್ರಾಂಕೋಸ್ಕೋಪಿ ಮಾಡಿ ಒಳಗೆ ಇಣುಕಿ ನೋಡಲೇಬೇಕು.

ಬ್ರಾಂಕೋಸ್ಕೋಪಿಯೇನು ನಿನ್ನೆ ಮೊನ್ನೆಯದಲ್ಲ. 1897ರಲ್ಲೇ ಜರ್ಮನಿಯ ಗುಸ್ತಾವ್ ಕಿಲಿಯನ್ ಒಬ್ಬ ರೈತನ ಬಲ ಶ್ವಾಸಕವಲಿನಿಂದ ಮೂಳೆ ಚೂರನ್ನು ಕೊಳವೆ ಹಾಕಿ ತೆಗೆದಿದ್ದ. ಅಮೆರಿಕದ ಶೆವಲಿಯರ್ ಜಾಕ್ಸನ್ ತನ್ನ ಜೀವಮಾನದಲ್ಲಿ ಜನರ ಗಂಟಲು, ಶ್ವಾಸನಾಳಗಳಿಂದ ತೆಗೆದ ಎರಡು ಸಾವಿರಕ್ಕೂ ಹೆಚ್ಚು ಪಿನ್ನು, ಗುಂಡಿ, ಕಾಸು, ಹಲ್ಲು, ಆಟಿಕೆಗಳು ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಮ್ಮಿನ ಡ್ರಾಯರುಗಳಲ್ಲಿ ಇವತ್ತಿಗೂ ಇವೆ. ಅಂದರೆ ನೂರಿಪ್ಪತ್ತು ವರ್ಷಕ್ಕೂ ಹಳೆಯ ವಿದ್ಯೆ. ಹೀಗಿರೋವಾಗ ರಾತ್ರಿ ಹನ್ನೊಂದಕ್ಕೆ ಅರಕಲಗೂಡಿನ ಅಪ್ಪ ಮಗುವನ್ನು ಎತ್ತಿಕೊಂಡು ಹಾಸನಕ್ಕೋ, ಮೈಸೂರಿಗೋ, ಬೆಂಗಳೂರಿಗೋ ಅಂತ ಯೋಚಿಸುತ್ತಾ ನಿಲ್ಲಬಾರದು. ಈ ರಾತ್ರಿ ಮಕ್ಕಳ ಅಳತೆಯ ಬ್ರಾಂಕೋಸ್ಕೋಪು, ಅರಿವಳಿಕೆ ಡಾಕ್ಟರು, ತೆಗೆಯೋಕೆ ಬರುವವರು ಮೂವರೂ ಎಲ್ಲಿದ್ದಾರೆ ಅನ್ನೋದು ತಾಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ ಒಂದು ಫೋನಿನಲ್ಲಿ ಗೊತ್ತಾಗಬೇಕು. ಇದು ಕೋಟಿ ರೂಪಾಯಿ ಯೋಜನೆಯಲ್ಲ, ಒಂದು ಪಟ್ಟಿ.

*

ಮಕ್ಕಳಾಯ್ತು, ಈಗ ಅಜ್ಜ ಅಜ್ಜಿಯರು. ಅವರ ಹಲ್ಲು.

ಸಿದ್ದರಾಮಯ್ಯನವರು ಮೊದಲ ಸಲ ಮುಖ್ಯಮಂತ್ರಿ ಆಗಿದ್ದಾಗ "ದಂತ ಭಾಗ್ಯ" ಅಂತ ಬಡ ವೃದ್ಧರಿಗೆ ಉಚಿತ ಹಲ್ಲು ಸೆಟ್ಟಿನ ಯೋಜನೆ ಬಂತು. ಒಳ್ಳೆಯ ಯೋಜನೆ, ಮುದುಕರು ಮತ್ತೆ ರೊಟ್ಟಿ ತಿಂದರು. ಆದರೆ ಸೆಟ್ಟು ಕೊಟ್ಟ ಮೇಲೆ ಏನು? ವಸಡು ಸವೆಯುತ್ತೆ, ಸೆಟ್ಟು ಸಡಿಲ ಆಗುತ್ತೆ, ಬಿರುಕು ಬಿಡುತ್ತೆ. ಬಿರುಕಿಗೆ ಫೆವಿಕ್ವಿಕ್ ಹಾಕಿಕೊಳ್ಳೋ ತಾತಂದಿರಿಗೆ ನಮ್ಮಲ್ಲಿ ಕಮ್ಮಿಯಿಲ್ಲ! ಎಲ್ಲಕ್ಕಿಂತ ಅಪಾಯದ್ದು ಒಂದೆರಡೇ ಹಲ್ಲಿನ ಸಣ್ಣ ತುಂಡು ಸೆಟ್ಟು, ಅದನ್ನು ಹಾಕಿಕೊಂಡೇ ನಿದ್ದೆ. ಮಲಗುವಾಗ ತೆಗೆದು ನೀರಿನ ಲೋಟದಲ್ಲಿಡಿ ಅಂತ ಎಷ್ಟು ಜನಕ್ಕೆ ಯಾರು ಬಿಡಿಸಿ ಹೇಳಿದ್ದಾರೆ?

ಇನ್ನೊಂದು ಮುಖ್ಯ ಸಂಗತಿ. ನಿಜವಾದ ಹಲ್ಲು ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣುತ್ತೆ. ಸೆಟ್ಟು ಮಾಡೋ ಅಕ್ರಿಲಿಕ್ ಕಾಣಲ್ಲ. ಇಂಗ್ಲೆಂಡಿನಲ್ಲಿ 72 ವರ್ಷದ ಒಬ್ಬರ ಹಲ್ಲು ಸೆಟ್ಟು ಆಪರೇಷನ್ನಿನ ಹೊತ್ತಿನಲ್ಲಿ ಗಂಟಲಿಗೆ ಜಾರಿ, ಎಂಟು ದಿನ ಯಾರಿಗೂ ಗೊತ್ತಾಗದೆ ಅಲ್ಲೇ ಇತ್ತು. 2019ರಲ್ಲಿ ಆ ವರದಿ ಬಿಎಂಜೆ ಕೇಸ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಬಂತು. ಅಲ್ಲೇ ಹೀಗಾದರೆ ಇಲ್ಲಿ? ಆಪರೇಷನ್ನಿಗೆ ಹೋಗೋ ಮುಂಚೆ ಸೆಟ್ಟು ಇದೆ, ಅಲ್ಲಾಡೋ ಹಲ್ಲಿದೆ ಅಂತ ನಾಚಿಕೆ ಬಿಟ್ಟು ಹೇಳಿ. ಒಡವೆ ಬಿಚ್ಚಿ ಕೊಡೋಕೆ ನೆನಪಿರುತ್ತೆ, ಹಲ್ಲಿಗೂ ನೆನಪಿರಲಿ.

ಹಲ್ಲಿನ ಡಾಕ್ಟರ ಕುರ್ಚಿಯಲ್ಲೂ ಇದೇ. ಮಲಗಿಸಿಕೊಂಡು ಕೆಲಸ ಮಾಡುವಾಗ ಕಿತ್ತ ಹಲ್ಲು, ಹೊಸ ಕ್ಯಾಪು, ಬೇರು ಕೊರೆಯೋ ಸಣ್ಣ ಸೂಜಿ ಜಾರಿ ಒಳಗೆ ಹೋಗಬಹುದು. ಅದಕ್ಕೆ ತಡೆಯಾಗಿ ಹಲ್ಲಿನ ಸುತ್ತ ಕಟ್ಟೋ ರಬ್ಬರ್ ಡ್ಯಾಮ್ 1864ರಿಂದ ಇದೆ. ಒಂದು ರಬ್ಬರ್ ಹಾಳೆ, ಇಲ್ಲವೇ ಗಂಟಲಿಗೆ ಅಡ್ಡ ಒಂದು ತುಂಡು ಗಾಜ್ ಬಟ್ಟೆ. "ರೂಟ್ ಕೆನಾಲ್ ಮಾಡ್ತೀರಲ್ಲ, ರಬ್ಬರ್ ಡ್ಯಾಮ್ ಹಾಕ್ತೀರಾ ಸಾರ್?" ಅಂತ ಕೇಳೋದು ಅವಮಾನವಲ್ಲ, ದುಡ್ಡು ಕೊಡೋರ ಹಕ್ಕು.

ಮತ್ತೆ ರಸ್ತೆ. ಚನ್ನರಾಯಪಟ್ಟಣದಿಂದ ಹಾಸನ ಹಾದುಹೋಗೋ 75ನೇ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ಬಾಯಿ ಒಡೆದುಕೊಂಡವರನ್ನು ನೋಡದ ಬೇಸಿಗೆ ಉಂಟೇ? ಅಲ್ಲಿ ಮಾಡಬೇಕಾದ ಸರಳ ಕೆಲಸ: ಹಲ್ಲು ಎಣಿಸಿ. ಬಾಯಲ್ಲಿ ಇಲ್ಲದ ಹಲ್ಲು ರಸ್ತೆಯಲ್ಲೂ ಇಲ್ಲ, ಅಂಗಿ ಮೇಲೂ ಇಲ್ಲ ಅಂದರೆ ಎದೆಯೊಳಗೆ ಇರಬಹುದು. ಒಂದು ಎಕ್ಸ್-ರೇ ತೆಗೆದರೆ ಗೊತ್ತಾಗುತ್ತೆ. ಪ್ರಜ್ಞೆ ಇಲ್ಲದವನು ತಾನಾಗಿ ಹೇಳಲ್ಲ.

ಕೊನೆಗೆ ನಮ್ಮ ಹೆಮ್ಮೆಯ ಮುದ್ದೆ. ದೇವೇಗೌಡರ ಜಿಲ್ಲೆಯಲ್ಲಿ ಹುಟ್ಟಿ ಮುದ್ದೆ ಬಗ್ಗೆ ಕೆಟ್ಟದ್ದು ಬರೆದರೆ ಊರೊಳಗೆ ಬಿಟ್ಟುಕೊಳ್ಳಲ್ಲ, ಗೊತ್ತು. ಮುದ್ದೆ ಮೇಲೆ ನನಗೇನೂ ಕೋಪವಿಲ್ಲ. ಸಾರಲ್ಲಿ ಅದ್ದಿ, ಸಣ್ಣ ತುತ್ತು ಮಾಡಿ, ನಿಧಾನಕ್ಕೆ ನುಂಗಿದರೆ ಅಮೃತ. ಕೋಪ ಇರೋದು ಗಡಿಯಾರ ಹಿಡಿದು ನಡೆಸೋ ಮುದ್ದೆ ತಿನ್ನೋ ಸ್ಪರ್ಧೆಗಳ ಮೇಲೆ. ಅಗಿಯದೆ ನುಂಗೋ ಆಹಾರ, ಅವಸರ, ಸುತ್ತ ಕೇಕೆ, ಮೈಕಿನಲ್ಲಿ "ಇನ್ನೊಂದು, ಇನ್ನೊಂದು"! 2024ರ ಸೆಪ್ಟೆಂಬರಿನಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಓಣಂ ಸಲುವಾಗಿ ಇಡ್ಲಿ ತಿನ್ನೋ ಸ್ಪರ್ಧೆ ನಡೀತು. 49 ವರ್ಷದ ಮನುಷ್ಯ ಇಡ್ಲಿ ಗಂಟಲಿಗೆ ಸಿಕ್ಕಿ ಸತ್ತ. ಇಡ್ಲಿ! ಮೆತ್ತಗಿನ ಇಡ್ಲಿ! ಬಹುಮಾನಕ್ಕೆ ಟಗರು ತರೋಕೆ ಆಗುತ್ತೆ, ಶಾಲು ಹೊದಿಸೋ ಶಾಸಕರು ಬರ್ತಾರೆ, ಉಸಿರುಕಟ್ಟಿದರೆ ಬಿಡಿಸೋಕೆ ಬರುವ ಒಬ್ಬನನ್ನು ವೇದಿಕೆ ಪಕ್ಕ ನಿಲ್ಲಿಸೋಕೆ ಆಗಲ್ವಾ? ಆಗದಿದ್ದರೆ ಸ್ಪರ್ಧೆಯೇ ಬೇಡ.

ನಾನು ಕೇಳ್ತಿರೋದು ಇಷ್ಟೇ. ಪ್ರತಿ ಶಾಲೆ, ಅಂಗನವಾಡಿ, ಹಾಸ್ಟೆಲು, ಕಲ್ಯಾಣ ಮಂಟಪದಲ್ಲಿ ಈ ಪಟ್ಟು ಗೊತ್ತಿರೋ ಇಬ್ಬರಾದರೂ ಇರಲಿ. ಊಟದ ಹಾಲ್‌ನ ಗೋಡೆ ಮೇಲೆ ಕನ್ನಡದಲ್ಲಿ ಒಂದು ಚಿತ್ರಪಟ ಇರಲಿ. ಹೈಸ್ಕೂಲ್ ಮಕ್ಕಳಿಗೆ ವರ್ಷಕ್ಕೊಂದು ಪೀರಿಯಡ್ ಹೇಳಿಕೊಡಿ, ಅವರು ಮನೆಗೆ ಹೋಗಿ ಅಜ್ಜಿಗೆ ಹೇಳಿಕೊಡ್ತಾರೆ. ಚಿಪ್ಸ್ ಪ್ಯಾಕೆಟ್ಟಿನೊಳಗೆ ಆಟಿಕೆ ಕಂಡರೆ ಕೊಳ್ಳಬೇಡಿ, ಅಂಗಡಿಯವರ ಹತ್ತಿರ ಜಗಳ ಆಡಿ. ಆಟಿಕೆಗಳಿಗೆ ಐಎಸ್‌ಐ ಗುರುತು 2021ರಿಂದ ಕಡ್ಡಾಯ, ಜಾತ್ರೆಯ ತಳ್ಳುಗಾಡಿಗೆ ಆ ಕಾನೂನು ಇನ್ನೂ ತಲುಪಿಲ್ಲ.

ಬ್ಲಾಗಿಗ ಮಿತ್ರರೇ, ನಾವು ಕವಿತೆ ಬರೀತೀವಿ, ಸಿನಿಮಾ ಬೈತೀವಿ, ಭಾಷೆ ಉಳಿಸಿ ಅಂತ ಪುಟಗಟ್ಟಲೆ ಬರೀತೀವಿ. ಒಂದು ದಿನ ಆ ನಾಲ್ಕು ಅಂಶಗಳನ್ನು ನಿಮ್ಮ ಮಾತಿನಲ್ಲಿ, ನಿಮ್ಮ ಊರಿನ ಕನ್ನಡದಲ್ಲಿ ಬರೆದು ಹಾಕಿ. ನನ್ನ ಹೆಸರು ಹಾಕೋದು ಬೇಡ, ಹಾಗೇ ಕದ್ದುಕೊಳ್ಳಿ, ಸಂತೋಷ. ಕುಂದಾಪುರ ಕನ್ನಡದಲ್ಲಿ, ಧಾರವಾಡ ಕನ್ನಡದಲ್ಲಿ, ಕಲಬುರಗಿ ಕನ್ನಡದಲ್ಲಿ ಬರಲಿ. ಭಾಷೆ ಉಳಿಯಬೇಕಾದರೆ ಅದನ್ನಾಡೋ ಮಕ್ಕಳು ಉಸಿರಾಡ್ತಿರಬೇಕಲ್ವೇ?

ಮತ್ತೆ ಆ "ನೆತ್ತಿಗೆ ಹತ್ತಿತು" ಅನ್ನೋ ಮಾತು ಇರಲಿ ಬಿಡಿ, ನುಡಿಗಟ್ಟು ಚೆನ್ನಾಗಿದೆ. ಕೈ ಮಾತ್ರ ನೆತ್ತಿಯಿಂದ ಒಂದು ಗೇಣು ಕೆಳಗಿಳಿದು ಬೆನ್ನಿಗೆ ಬರಲಿ. ಜೋರಾಗಿ ಬರಲಿ.